ಬೆನ್ನ ಮೇಲಿನ ಹಸಿರು ಪಟ್ಟೆ

ಏಪ್ರಿಲ್ 11, ಗುರುವಾರ

ಬಸ್ಸು ನನ್ನನ್ನು ಇಳಿಸಿದ ಕೂಡಲೇ ವಾಪಸ್ ಹೋಗುವ ಬಸ್ಸು ಯಾವಾಗ ಎಂದು ನೋಡಿಕೊಂಡೆ. ಎಲ್ಲಿಗೆ ಹೋದರೂ ಮೊದಲು ಮಾಡುವ ಕೆಲಸ ಅದೇ. ಎಂಟನೇ ವಯಸ್ಸಿಗೆ ಹಾಸ್ಟೆಲಿಗೆ ಹಾಕಿದಾಗ ಹತ್ತಿದ ಚಾಳಿ.

ವಿನ್‌ರಿಗ್ ಫಾರ್ಮಿನ ವಾಟ್ ಟೆಲ್ಫರ್ ಕೆಸರು ಮೆತ್ತಿದ ಜೀಪಿನಲ್ಲಿ ಬಂದರು. ಹಿಂದಿನ ಸೀಟಿನಲ್ಲಿ ನೆಲ್ ಎಂಬ ನಾಯಿ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಎಡಿನ್‌ಬರೋದ ಡಾಕ್ಟ್ರು ನೀನೇನಾ?" ಅಂದರು.

"ಪಶುವೈದ್ಯಕೀಯ. ಇನ್ನೂ ಮೊದಲನೇ ವರ್ಷ, ಮರಿ ಹಾಕಿಸೋದು ಕಲಿಯೋಕೆ ಬಂದಿದೀನಿ."

"ಬೂಟ್ಸ್ ನೋಡಿದ್ರೇ ಗೊತ್ತಾಗತ್ತೆ ಬಿಡು. ಅಂಗಡಿ ಚೀಟಿ ಇನ್ನೂ ಅಂಟ್ಕೊಂಡಿದೆ. ಅರ್ಧ ಇಂಗ್ಲಿಷ್ ಅಂತಲ್ಲ ನೀನು?"

"ಅಪ್ಪನ ಕಡೆಯಿಂದ. ಅಮ್ಮ ಇಲ್ಲಿನವಳೇ."

"ಯಾವ ಅರ್ಧ? ಮೇಲಿಂದೋ ಕೆಳಗಿಂದೋ? ನಮ್ಮ ಗುಡ್ಡ ಹತ್ತಬೇಕಾದ್ರೆ ಕೆಳಗಿನ ಅರ್ಧ ನಿಮ್ಮಮ್ಮಂದಾಗಿರಬೇಕು ನೋಡು."

ನಗಬೇಕೋ ಬೇಡವೋ ತಿಳಿಯಲಿಲ್ಲ. ಆಮೇಲೆ ನಕ್ಕೆ. ಅಷ್ಟರಲ್ಲಿ ಅವರು ಬೇರೆ ಮಾತಿಗೆ ಹೋಗಿಯಾಗಿತ್ತು.

ಮನೆಯ ಕೆಳಗಿನ ಹೊಲದಲ್ಲಿ ಒಂದಷ್ಟು ಕುರಿಗಳು ಬೇರೆಯಾಗಿ ಮೇಯುತ್ತಿದ್ದವು. ಒಳ್ಳೆ ದಪ್ಪಗಿದ್ದವು. ಪ್ರತಿಯೊಂದರ ಬೆನ್ನ ಮೇಲೂ ಅಡ್ಡಕ್ಕೆ ಬಳಿದ ಹಸಿರು ಪಟ್ಟೆ. ಇವು ಯಾಕೆ ಬೇರೆ ಎಂದು ಕೇಳಿದೆ.

"ಅವು ಯೆಲ್ಡ್," ಅಂದರು ವಾಟ್. ನನ್ನ ಮುಖ ನೋಡಿ ಬಿಡಿಸಿ ಹೇಳಿದರು: "ಗಬ್ಬ ನಿಂತಿಲ್ಲ. ಫೆಬ್ರವರೀಲಿ ಸ್ಕ್ಯಾನ್ ಮಾಡೋನು ಬಂದು ನೋಡಿ ಹೇಳ್ತಾನೆ. ಅವಳಿ ಇದ್ರೆ ನೀಲಿ ಬಳೀತೀವಿ, ಖಾಲಿ ಇದ್ರೆ ಹಸಿರು. ಈ ಸೋಮವಾರ ಬಿಟ್ಟು ಮುಂದಿನ ಸೋಮವಾರ ಲಾರಿ ಬರತ್ತೆ."

"ಲಾರಿ ಎಲ್ಲಿಗೆ ಹೋಗುತ್ತೆ?"

"ಸಂತೆಗೆ. ಅಲ್ಲಿಂದಾಚೆ ಎಲ್ಲಿಗೆ ಅಂತ ನಾನು ಕೇಳಲ್ಲ, ಅವರೂ ಹೇಳಲ್ಲ."

ವಾಟ್ ಅವರ ಹೆಂಡತಿ ಬೆಥಿಯಾ ಊಟಕ್ಕೆ ಕುರಿಮಾಂಸ ಬೇಯಿಸಿದ ಗಟ್ಟಿ ಬಾರ್ಲಿ ಸೂಪು ಕೊಟ್ಟರು. ಶಾಲೆಯಲ್ಲಿ ಅಮ್ಮನಿಗಿಂತ ಎರಡು ತರಗತಿ ಮುಂದಿದ್ದರಂತೆ. ಹೊರಡುವಾಗ ಅಮ್ಮ ಒಂದೇ ಒಂದು ಮಾತು ಹೇಳಿ ಕಳಿಸಿದ್ದಳು: ಬೆಥಿಯಾ ಎದುರು ಮಕ್ಕಳ ವಿಷಯ ಎತ್ತಬೇಡ, ಅವರಿಗೆ ಆಗಲಿಲ್ಲ. ಹಾಗಾಗಿ ಊಟದ ಉದ್ದಕ್ಕೂ ಹವಾಮಾನದ ಬಗ್ಗೆಯೇ ಮಾತಾಡಿದೆ.

ಏಪ್ರಿಲ್ 12

ಇಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಕೋಳಿಗೂಡಿನ ಪಕ್ಕದಲ್ಲಿ ಮಾತ್ರ. ಕೋಳಿಗಳ ಮಧ್ಯೆ ನಿಂತು ಯೆಲ್ಡ್ ಎಂಬ ಆ ಮಾತನ್ನು ಹುಡುಕಿದೆ.

ಬಹಳ ಹಳೆಯದು. ಗಬ್ಬವಾಗದ, ಈಯದ, ಹಾಲು ಬತ್ತಿದ ಎಂಬ ಅರ್ಥ. ಕುರಿಗೂ ಆಗುತ್ತದೆ, ಹಸುವಿಗೂ ಆಗುತ್ತದೆ. ಸಾವಿರ ವರ್ಷದ ಹಿಂದೆ ಇಂಗ್ಲಿಷರೆಲ್ಲರ ಬಾಯಲ್ಲೂ ಇತ್ತಂತೆ. ಕಡಲು ದಾಟಿ ಬಂದ ನಾರ್ಸ್ ಜನರ ಬಾಯಲ್ಲೂ ಇದರ ಒಡಹುಟ್ಟು ಇತ್ತು. ಗಂಡು ಪ್ರಾಣಿಗಳ ಬೀಜ ತೆಗೆಯುವುದಕ್ಕೆ ನಮ್ಮ ತರಗತಿಯಲ್ಲಿ ಹೇಳುವ 'ಗೆಲ್ಡ್' ಎಂಬ ಮಾತೂ ಇದೇ ಬಳ್ಳಿಯ ಕಾಯಿ. ಆಮೇಲೆ ಪುಸ್ತಕ ಬರೆಯುವವರು ಇದನ್ನು ಕೈಬಿಟ್ಟರು, ಕುರಿ ಸಾಕುವವರು ಬಿಡಲಿಲ್ಲ. ಬಿಡುವುದು ಹೇಗೆ, ಪ್ರತಿ ಚಳಿಗಾಲವೂ ಬೇಕಾಗುವ ಮಾತು.

ನನಗೆ ಹದಿನಾರು ತುಂಬಿದರೂ ಮುಟ್ಟಾಗದಿದ್ದಾಗ ಹಾಸ್ಟೆಲಿನ ಮೇಟ್ರನ್ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ಡಾಕ್ಟರು ಉದ್ದನೆಯ ಒಂದು ಹೆಸರು ಹೇಳಿದರು. ನನ್ನ ಅಂಡಾಶಯಗಳು ಕೆಲಸ ಮಾಡುವುದಿಲ್ಲ, ಮುಂದೆಯೂ ಮಾಡುವುದಿಲ್ಲ. ಅಪ್ಪ ಫೋನಿನಲ್ಲಿ, "ಅದು ಈಗ ಯೋಚಿಸೋ ವಿಷಯ ಅಲ್ಲ ಟ್ಯಾಮ್ಸಿನ್, ಪರೀಕ್ಷೆ ಇದೆ" ಅಂದ. ಅಮ್ಮ ಬಂದು ಒಂದು ಮಧ್ಯಾಹ್ನ ನನ್ನ ಮಂಚದ ಮೇಲೆ ಕೂತಿದ್ದು ಹೋದಳು. ಅದಾದ ಮೇಲೆ ಯಾರೂ ಆ ಮಾತೆತ್ತಿಲ್ಲ. ಮಾತ್ರೆ ತಪ್ಪದೆ ನುಂಗುತ್ತೇನೆ.

ಡಾಕ್ಟರ ಉದ್ದನೆಯ ಹೆಸರು ನನಗೆ ಎಂದೂ ಅಂಟಿಕೊಳ್ಳಲಿಲ್ಲ, ಬೇರೆ ಯಾರಿಗೋ ಹೇಳಿದ ಹಾಗಿತ್ತು. ಇದು ಅಂಟಿತು. ಒಂದೇ ಉಸಿರಿನ ಮಾತು. ಕೋಳಿಗಳ ಮುಂದೆ ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿದೆ.

ಏಪ್ರಿಲ್ 15

ಮರಿ ಹಾಕುವ ಕಾಲ ಶುರುವಾಯಿತು. ಬೆಳಗಿನಿಂದ ಗುಡ್ಡದಲ್ಲೇ ಇದ್ದೆ. ಮೊದಲ ಕುರಿಗೆ ಕೈ ಹಾಕಲು ನಾನು ಹಿಂದೆಮುಂದೆ ನೋಡುವುದು ವಾಟ್ ಕಣ್ಣಿಗೆ ಬಿತ್ತು. "ಕುರಿಗೂ ಭಯ, ನಿಂಗೂ ಭಯ. ಇಬ್ಬರಲ್ಲಿ ಒಬ್ಬರಾದ್ರೂ ಸುಮ್ನಿರಿ" ಅಂದರು.

ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಹೊಲದ ಹಸಿರು ಪಟ್ಟೆಯವಳೊಬ್ಬಳು ಕಲ್ಲುಗೋಡೆ ಹಾರಿ ಈಯುವ ಕುರಿಗಳ ಮಧ್ಯೆ ಬಂದು ನಿಂತಿದ್ದಳು. ಎಡಗಿವಿ ಸ್ವಲ್ಪ ಸೀಳಿದೆ. ಒಂದು ಕುರಿ ಮಲಗಿ ಮರಿ ಹಾಕುತ್ತಿದ್ದರೆ ಇವಳು ಅದರ ಸುತ್ತ ಸುತ್ತುತ್ತಾಳೆ, ನೆಲ ಕೆರೆಯುತ್ತಾಳೆ, ಗಂಟಲಿನಲ್ಲೇ ಏನೋ ಗೊಣಗುತ್ತಾಳೆ. ತಾಯಿ ಕುರಿ ಮರಿಯನ್ನು ಕರೆಯುವ ದನಿ ಅದು. ಮರಿಯೇ ಇಲ್ಲದವಳು ಕರೆಯುತ್ತಿದ್ದಳು.

ನೆಲ್ ಅವಳನ್ನು ಅಟ್ಟಿತು. ಒಂದು ಗಂಟೆಯೊಳಗೆ ಮತ್ತೆ ಬಂದಳು.

"ಮದುವೆ ಮನೆಗೆ ಕರೆಯದೆ ಬರೋ ಅತ್ತೆ ಇದ್ದ ಹಾಗೆ ಇವಳು," ಅಂದರು ಬುತ್ತಿ ತಂದಿದ್ದ ಬೆಥಿಯಾ.

ಗಂಡ ಹೆಂಡತಿ ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ.

ಏಪ್ರಿಲ್ 16

ಮಳೆ. ಹುಟ್ಟುತ್ತಿದ್ದ ಮರಿಯ ಒಂದು ಕಾಲು ಹಿಂದಕ್ಕೆ ಮಡಚಿಕೊಂಡಿತ್ತು, ಕೈ ಹಾಕಿ ನೇರ ಮಾಡಿ ಎಳೆದೆ. ಬದುಕಿತು! ವಾಟ್ ತಮ್ಮ ಫ್ಲಾಸ್ಕಿನ ಚಹಾ ಕೊಟ್ಟರು. ಸಕ್ಕರೆ ಜಾಸ್ತಿ. ಕುಡಿದೆ.

ಏಪ್ರಿಲ್ 18

ಇವತ್ತು ಹಸಿರು ಪಟ್ಟೆಯವಳು ಕದ್ದೇಬಿಟ್ಟಳು.

ಒಂದು ಮುದಿ ಕುರಿ ಮೊದಲನೇ ಮರಿ ಹಾಕಿ ಎರಡನೆಯದಕ್ಕೆ ತಿಣುಕುತ್ತಿತ್ತು. ಇವಳು ಬಂದವಳೇ ಮೊದಲನೆಯದನ್ನು ನೆಕ್ಕಿ ನೆಕ್ಕಿ ತನ್ನದಾಗಿಸಿಕೊಂಡು ಗುಡ್ಡದ ಮೇಲಕ್ಕೆ ಕರೆದುಕೊಂಡು ಹೊರಟಿದ್ದಳು. ವಾಟ್ ಕೊಕ್ಕೆಗೋಲು ಹಿಡಿದು ಓಡಿದರು. "ಕಳ್ಳಿ! ಹಲ್ಕಾ ಕಳ್ಳಿ! ನಿಂಗೆ ಲಾರೀನೇ ಸರಿ!" ಮರಿಯನ್ನು ಕಿತ್ತುಕೊಂಡಾಗ ಅವಳು ಓಡಲಿಲ್ಲ. ಅವರ ಬೂಟಿನ ಹಿಂದೆಯೇ ಬಂದಳು, ಕರೆಯುತ್ತಾ.

ಊಟದ ಹೊತ್ತಿಗೆ ಧೈರ್ಯ ಮಾಡಿ ಕೇಳಿದೆ. "ಅವಳೊಬ್ಬಳನ್ನ ಸೋಮವಾರ ಕಳಿಸದೆ ಇರಕ್ಕಾಗಲ್ವಾ?"

ವಾಟ್ ಚಮಚ ಕೆಳಗಿಟ್ಟರು. "ಯಾಕೆ?"

"ಪಾಪ ಅನ್ನಿಸುತ್ತೆ. ಅವಳಿಗೆ ಮರಿ ಬೇಕು ಅಂತಿದೆ."

"ಹುಡುಗಿ, ಒಂದು ವರ್ಷ ಯೆಲ್ಡ್ ಅಂದ್ರೆ ಕೆಟ್ಟ ಚಳಿಗಾಲ ಇರಬಹುದು, ಟಗರು ಸೋಮಾರಿ ಇರಬಹುದು. ಇಟ್ಕೋತೀವಿ. ಇವಳದು, ಆ ಕೆಳಗಿನ ಹೊಲದವುಗಳದ್ದೆಲ್ಲಾ, ಎರಡನೇ ವರ್ಷ. ಅದಕ್ಕಿಂತ ಜಾಸ್ತಿ ಅವಕಾಶ ಈ ಗುಡ್ಡದಲ್ಲಿ ಯಾರಿಗೂ ಇಲ್ಲ. ನಮ್ಮಪ್ಪನ ಕಾಲದಿಂದ ಹಂಗೇ."

"ಯಾರಿಗೂ ಇಲ್ವಾ?" ಅಂದರು ಬೆಥಿಯಾ ಒಲೆಯ ಹತ್ತಿರದಿಂದ. "ನಾನು ಮೂವತ್ತು ವರ್ಷದಿಂದ ಯೆಲ್ಡು. ನನ್ನನ್ನ ಯಾವ ಲಾರಿಗೂ ಹತ್ತಿಸಲಿಲ್ಲವಲ್ಲೋ ಮುದುಕ?"

"ಹತ್ತಿಸಕ್ಕೆ ನೋಡಿದ್ದೆ. ಡ್ರೈವರ್ ಬೇಡ ಅಂದ."

ಇಬ್ಬರೂ ಬಿದ್ದು ಬಿದ್ದು ನಕ್ಕರು. ಅಮ್ಮ ಎತ್ತಬೇಡ ಅಂದದ್ದು ಇದನ್ನೇ! ಅವರು ಅದನ್ನು ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಹಾಗೆ ಆಚೆ ಈಚೆ ಸರಿಸುತ್ತಿದ್ದರು. ನನ್ನ ಕಿವಿ ಬಿಸಿಯಾಗಿತ್ತು. ನಾನೂ ಒಂದು ಮಾತು ಹೇಳಬಹುದಿತ್ತು. ತಟ್ಟೆ ತೊಳೆಯಲು ಎದ್ದೆ.

ಏಪ್ರಿಲ್ 19

ಯಾರಿಗೂ ಹೇಳಿಲ್ಲ, ಇಲ್ಲಿ ಮಾತ್ರ ಬರೆಯುತ್ತಿದ್ದೇನೆ.

ಬೆಳಿಗ್ಗೆ ಗುಡ್ಡದ ಆ ಕಡೆಯ ಇಳಿಜಾರು ನನ್ನ ಪಾಲಿಗೆ ಬಂದಿತ್ತು. ಮೊದಲ ಸಲ ಈದ ಎಳೆ ಕುರಿಯೊಂದು, ಅವಳಿ ಹಾಕಿ, ಒಂದನ್ನು ಮಾತ್ರ ಹಿಂದೆ ಕಟ್ಟಿಕೊಂಡು ಮೇಯುತ್ತಿತ್ತು. ಇನ್ನೊಂದು ಮರಿ ಹಸಿರು ಪಟ್ಟೆಯವಳ ಹತ್ತಿರ. ಮರಿ ಮೈ ಒಣಗಿ ಬೆಚ್ಚಗಿತ್ತು, ಬಾಲ ಅಲ್ಲಾಡಿಸುತ್ತಾ ಕೆಚ್ಚಲಿಗೆ ಬಾಯಿ ಹಾಕಿತ್ತು. ಇವಳು ಕಣ್ಣು ಅರ್ಧ ಮುಚ್ಚಿ ನಿಂತಿದ್ದಳು.

ಕಿತ್ತು ಅದರ ತಾಯಿಗೆ ಕೊಡಬೇಕಿತ್ತು. ಕೈ ಬರಲಿಲ್ಲ. ಆ ಎಳೆ ಕುರಿಗೆ ಎರಡನೆಯದರ ನೆನಪೇ ಇರಲಿಲ್ಲ. ಇವಳಿಗೆ ಇದು ಬಿಟ್ಟರೆ ಬೇರೇನೂ ಇಲ್ಲ.

ಮೇಲುಗಡೆ ಹಿಮಗಾಲಕ್ಕೆ ಅಂತ ಹಿಂದಿನವರು ಕಟ್ಟಿದ ದುಂಡನೆಯ ಕಲ್ಲಿನ ದೊಡ್ಡಿ ಇದೆ, ಈಗ ಯಾರೂ ಬಳಸುವುದಿಲ್ಲ. ಮರಿಯನ್ನು ಎತ್ತಿಕೊಂಡು ನಡೆದೆ. ಅವಳು ಹಿಂದೆಯೇ ಬಂದಳು. ಇಬ್ಬರನ್ನೂ ಒಳಗೆ ಬಿಟ್ಟು, ಬಾಗಿಲಿಗೆ ಹಳೆಯ ಗೇಟೊಂದನ್ನು ಒರಗಿಸಿದೆ.

ಹಾಲು ಇಲ್ಲವಾದರೆ ಮರಿ ಸಾಯುತ್ತದಲ್ಲ ಎಂದು ಕೆಚ್ಚಲು ಮುಟ್ಟಿ ನೋಡಿದೆ. ತುಂಬಿತ್ತು! ಬಿಸಿಯಾಗಿ, ಬಿಗಿಯಾಗಿ ತುಂಬಿತ್ತು. ಹಿಂಡಿದರೆ ಹಳದಿ ಬಣ್ಣದ ದಪ್ಪ ಹಾಲು. ಖಾಲಿ ಕುರಿ, ಬರೀ ಆಸೆಯಿಂದ ಹಾಲು ತರಿಸಿಕೊಂಡಿದೆ. ಹೀಗೂ ಆಗುತ್ತದೆ ಎಂದು ಯಾರಾದರೂ ನನಗೆ ಹೇಳಿದ್ದಿದ್ದರೆ! ಅಲ್ಲೇ ಒದ್ದೆ ಹುಲ್ಲಿನ ಮೇಲೆ ಕೂತು ಅತ್ತೆ. ಸಂತೋಷಕ್ಕೇ ಅತ್ತದ್ದು ಅಂತ ಕಾಣುತ್ತದೆ.

ಎಳೆ ಕುರಿಯ ಎರಡನೇ ಮರಿ ಎಲ್ಲಿ ಅಂತ ವಾಟ್ ಕೇಳಿದರು. ನರಿ ಒಯ್ದಿರಬೇಕು ಎಂದೆ. ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆ ಎಂದು ಗೊತ್ತಿರಲಿಲ್ಲ.

ಸೋಮವಾರ ಲಾರಿ ಹೋಗುವವರೆಗೆ ಅಲ್ಲಿರಲಿ. ಆಮೇಲೆ ಹೊರಗೆ ಬಿಟ್ಟರೆ ಹಾಲು ಕುಡಿಸುವ ಕುರಿಯನ್ನು ಯಾರೂ ಮಾರುವುದಿಲ್ಲ.

ಏಪ್ರಿಲ್ 20

ಎರಡು ಸಲ ಹುಲ್ಲು, ನೀರು ಕೊಂಡುಹೋದೆ. ಮರಿಯ ಹೊಟ್ಟೆ ದುಂಡಗಾಗಿದೆ. ಅವಳು ಮಾತ್ರ ಸರಿಯಾಗಿ ಮೇಯುತ್ತಿಲ್ಲ. ಕೂರುತ್ತಾಳೆ, ಏಳುತ್ತಾಳೆ, ಗೋಡೆಯ ಬುಡ ಕೆರೆಯುತ್ತಾಳೆ. ಕೂಡಿಹಾಕಿದ್ದಕ್ಕೆ ಸಿಟ್ಟಿರಬೇಕು.

ಹಾಸ್ಟೆಲಿನಲ್ಲಿ ನಾನೂ ಮೊದಲ ವಾರ ಹಾಗೇ ಇದ್ದೆ ಎಂದು ಅವಳಿಗೆ ಹೇಳಿದೆ.

ಏಪ್ರಿಲ್ 21, ಭಾನುವಾರ

ಬೆಳಕು ಹರಿಯುವಾಗ ಹೋದೆ. ಗೋಡೆಯ ಮೂಲೆಯಲ್ಲಿ ಒದ್ದೆ ಚಿಂದಿಯ ಹಾಗೆ ಏನೋ ಬಿದ್ದಿತ್ತು. ಮರಿ. ಇನ್ನೊಂದು ಮರಿ. ಹಳದಿ ಲೋಳೆ ಮೈಮೇಲೇ ಒಣಗುತ್ತಿತ್ತು, ಯಾರೂ ನೆಕ್ಕಿರಲಿಲ್ಲ. ಹಸಿರು ಪಟ್ಟೆಯವಳ ಹಿಂದೆ ಮಾಸು ಇನ್ನೂ ನೇತಾಡುತ್ತಿತ್ತು. ಅವಳು ಕದ್ದ ಮರಿಯನ್ನು ಪಕ್ಕೆಗೆ ಒತ್ತಿಕೊಂಡು ನಿಂತಿದ್ದಳು. ಮೂಲೆಯದು ತಲೆ ಎತ್ತಿ ಒಂದು ಸಣ್ಣ ದನಿ ಮಾಡಿತು. ಅವಳು ಹೋಗಿ ಅದನ್ನು ಹಣೆಯಿಂದ ಗುದ್ದಿ ತಳ್ಳಿದಳು. ತನ್ನದನ್ನೇ.

ಅದನ್ನು ಕೋಟಿನೊಳಗೆ ಹಾಕಿಕೊಂಡು ಓಡಿದೆ. ದಾರಿಯುದ್ದಕ್ಕೂ ಶಬ್ದ ಮಾಡುತ್ತಿದ್ದುದು ನಾನೇ ಎಂದು ಗೊತ್ತಾದದ್ದು ಬೆಥಿಯಾ ಬಾಗಿಲು ತೆಗೆದು, "ಬಾಯ್ಮುಚ್ಚು ಪುಟ್ಟಿ, ಮೊದಲು ಮರಿ ಕೊಡಿಲ್ಲಿ" ಅಂದಾಗ.

ಒಲೆಯ ಕೆಳಗೂಡಿನ ಬಾಗಿಲು ತೆರೆದು, ಟವೆಲಿನ ಮೇಲೆ ಅದನ್ನು ಮಲಗಿಸಿದರು. ಬೆಳಗಿನ ರೊಟ್ಟಿ ಬಿಸಿಗಿಡುವ ಜಾಗ. ಬಾಯೊಳಗೆ ಬೆರಳಿಟ್ಟರೆ ಮಂಜುಗಡ್ಡೆಯ ಹಾಗೆ ತಣ್ಣಗಿತ್ತು. ದೊಡ್ಡಿಯಲ್ಲಿ ಬಚ್ಚಿಟ್ಟದ್ದನ್ನು ಹೇಳಿದೆ. ವಾಟ್ ಗುಡ್ಡ ಹತ್ತಿ ಅವಳನ್ನು ಹಿಂಡಲು ಹೋದರು. ತಂಬಿಗೆಯ ತಳ ಮುಚ್ಚುವಷ್ಟೂ ಸಿಗಲಿಲ್ಲ. ಗಿಣ್ಣುಹಾಲೆಲ್ಲಾ ಆ ಇನ್ನೊಂದರ ಹೊಟ್ಟೆ ಸೇರಿ ಎರಡು ದಿನವಾಗಿತ್ತು. ಗಿಣ್ಣುಹಾಲಿನ ಪುಡಿ ಕದಡಿ ನಳಿಗೆಯಲ್ಲಿ ಇಳಿಸಿದೆವು. ಕಾಲು ಉಜ್ಜಿದೆವು. ಒಂದು ಸಲ ಎದ್ದು ನಿಲ್ಲಲು ನೋಡಿತು. ಹೆಣ್ಣು ಮರಿ.

ಮಧ್ಯಾಹ್ನಕ್ಕೆ ಮುಂಚೆ ಹೋಯಿತು.

ವಾಟ್ ಮೇಜಿನ ಆ ಕಡೆ ಕೂತರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಸ್ಕ್ಯಾನ್ ಮಾಡೋನು ಒಂದೊಂದು ಸಲ ತಪ್ಪೋದುಂಟು. ನಾನೂ ನೋಡಬೇಕಿತ್ತು. ಹಸಿರು ಕಂಡ ಮೇಲೆ ಯಾರೂ ಬಗ್ಗಿ ನೋಡಲ್ಲ." ಟೋಪಿ ತೆಗೆದು ಮೇಜಿನ ಮೇಲಿಟ್ಟು, "ನೀನು ಕೆಚ್ಚಲು ಮುಟ್ಟಿ ನೋಡಿದ್ಯಾ?"

"ನೋಡಿದೆ."

"ತುಂಬಿತ್ತಾ?"

"ತುಂಬಿತ್ತು."

"ಮತ್ತೆ?"

"ಯೆಲ್ಡ್ ಅಂತಿದ್ರಲ್ಲ," ಎಂದೆ.

ಅವರು ಟೋಪಿ ಹಾಕಿಕೊಂಡು ಎದ್ದುಹೋದರು. ನರಿಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಯುವುದಕ್ಕೆ ಕೆಲವು ದಿನ ಇರುವಾಗ ಕುರಿ ಬೇರೆಯವುಗಳ ಮರಿ ಕದಿಯುತ್ತದೆ. ಹೊಟ್ಟೆಯೊಳಗಿನ ಮರಿಯೇ ಅದನ್ನು ಹಾಗೆ ಮಾಡಿಸುತ್ತದೆ. ಇದು ನನಗೆ ಗೊತ್ತಿತ್ತು. ಜನವರಿಯ ಪರೀಕ್ಷೆಯಲ್ಲಿ ಬರೆದಿದ್ದೆ, ಪೂರ್ತಿ ಅಂಕ ಸಿಕ್ಕಿತ್ತು. ಸುತ್ತುವುದು, ಕೆರೆಯುವುದು, ಕರೆಯುವುದು, ಹಳದಿ ಹಾಲು, ಎಲ್ಲವನ್ನೂ ನೋಡಿ ಈ ದಿನಚರಿಯಲ್ಲಿ ನಾನೇ ಬರೆದಿಟ್ಟಿದ್ದೇನೆ. ಈಗ ಹಿಂದಕ್ಕೆ ತಿರುಗಿಸಿ ಓದಿದೆ. ಅವಳು ದಿನಾ ಹೇಳುತ್ತಿದ್ದುದು ಒಂದೇ: ನಂದು ಬರ್ತಿದೆ, ನಂದು ಬರ್ತಿದೆ. ನಾನು ಕೇಳಿಸಿಕೊಂಡದ್ದು ನನ್ನದನ್ನು.

ಸಂಜೆ ಬೆಥಿಯಾ ಜೊತೆ ಪಾತ್ರೆ ಒರೆಸುತ್ತಿದ್ದೆ. ಹೇಳಿದೆ. ಹದಿನಾರರಲ್ಲಿ ಡಾಕ್ಟರ ಹತ್ತಿರ ಹೋದದ್ದು, ಅವರು ಹೇಳಿದ್ದು, ಎಲ್ಲ. ತಟ್ಟೆಯನ್ನು ಒರೆಸುತ್ತಲೇ ಹೇಳಿದೆ.

ಬೆಥಿಯಾ ನಲ್ಲಿ ನಿಲ್ಲಿಸಿದರು.

"ಅದಕ್ಕೇನಾ ಅವಳನ್ನ ಮೇಲೆ ಬಚ್ಚಿಟ್ಟಿದ್ದು?"

"ಹೂಂ."

"ಅವಳು ನೀನಲ್ಲ ಕಣೇ ಪುಟ್ಟಿ. ಅವಳು ಕುರಿ."

"ಗೊತ್ತು."

"ಇವತ್ತು ಗೊತ್ತು." ತಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಅದು ಯಾವಾಗಲೋ ಒಣಗಿತ್ತು. "ನಿಮ್ಮಮ್ಮನಿಗೆ ಗೊತ್ತಾ?"

"ಗೊತ್ತು. ಮಾತಾಡಲ್ಲ."

"ನನ್ ಹತ್ರಾನೂ ಅವಳು ಮಾತಾಡಲಿಲ್ಲ. ನಂಗೆ ಆಗಲ್ಲ ಅಂತ ಗೊತ್ತಾದ ಮೇಲೆ ಈ ಮನೆಗೆ ಬರೋದನ್ನೇ ಬಿಟ್ಟಳು. ನೋವಾಗಬಾರದು ಅಂತ." ಅವರು ನಕ್ಕರೋ ಏನೋ, ಬೆನ್ನು ತಿರುಗಿತ್ತು. "ಒಳ್ಳೆಯವಳು. ಮೂವತ್ತು ವರ್ಷ ಆಯ್ತು, ಅವಳ ಜೊತೆ ಕೂತು ಒಂದು ಚಹಾ ಕುಡಿದಿಲ್ಲ."

ಏಪ್ರಿಲ್ 22, ಸೋಮವಾರ

ಲಾರಿ ಬಂತು.

ಎಡಗಿವಿ ಸೀಳಿದವಳು ಅದರಲ್ಲಿ ಹೋಗಲಿಲ್ಲ. ಹಾಲಿದೆ, ಹಿಂದೆ ಮರಿಯಿದೆ. ಎಳೆ ಕುರಿ ತನ್ನ ಎರಡನೆಯದನ್ನು ಈಗ ಮೂಸಿಯೂ ನೋಡುವುದಿಲ್ಲ, ಹಾಗಾಗಿ ಅದು ಇವಳದ್ದೇ ಆಯಿತು. ನಾನು ಕೇಳಿದ್ದು ಇದನ್ನೇ ತಾನೇ? ಸಿಕ್ಕಿತು.

ಉಳಿದವು ಲಾರಿಗೆ ಹತ್ತಿಸುವ ಹಲಗೆಯ ಬುಡದಲ್ಲಿ ಒಂದರ ಮೇಲೊಂದು ನುಗ್ಗುತ್ತಿದ್ದವು. ವಾಟ್ ನೆಲ್‌ಗೆ ಸಿಳ್ಳೆ ಹಾಕುವ ಮೊದಲು, "ಸ್ವಲ್ಪ ನಿಲ್ಲಿಸ್ತೀರಾ?" ಎಂದೆ.

ಡ್ರೈವರ್ ಕಿಟಕಿಯಿಂದ ತಲೆ ಹಾಕಿ, "ಏನಂತೆ ನಿಮ್ಮ ಡಾಕ್ಟ್ರಮ್ಮಂದು? ನನಗೆ ಇನ್ನೂ ಮೂರು ಫಾರ್ಮಿಗೆ ಹೋಗೋದಿದೆ" ಅಂದ.

"ಇಂಜಿನ್ ಆಫ್ ಮಾಡಯ್ಯ, ನಿನ್ನ ಹೊಗೆ ಕುಡಿದು ಸಾಯ್ತಿದೀವಿ," ಅಂದರು ವಾಟ್.

ಒಂದೊಂದನ್ನೇ ಗೋಡೆಗೆ ಒತ್ತಿ ಹಿಡಿದು, ಬಗ್ಗಿ, ಕೆಚ್ಚಲಿಗೆ ಕೈ ಹಾಕಿದೆ. ಆಮೇಲೆ ಹೊಟ್ಟೆಯ ಕೆಳಗೆ ಅಂಗೈ ಇಟ್ಟು ಕಾದೆ. ಅಂಗೈಗೆ ಉಣ್ಣೆಯ ಜಿಡ್ಡು ಹತ್ತಿತು, ಬೂಟಿನೊಳಗೆಲ್ಲಾ ಕೆಸರು. ವಾಟ್ ಅವಸರ ಮಾಡಲಿಲ್ಲ. ನಾನು ಬಿಟ್ಟದ್ದನ್ನು ಹಲಗೆಯ ಮೇಲಕ್ಕೆ ಕಳಿಸುತ್ತಾ, ಮುಂದಿನದನ್ನು ಹಿಡಿದು ಕೊಡುತ್ತಾ ಬಂದರು. ಒಂದರಲ್ಲಾದರೂ ಮರಿ ಇರಲಿ ಎಂದು ಕೊನೆಯದರವರೆಗೂ ಆಸೆ ಇತ್ತು.

ಎಲ್ಲವೂ ಸಣ್ಣ, ಸಡಿಲ, ತಣ್ಣನೆ ಕೆಚ್ಚಲು. ಎಲ್ಲವೂ ಯೆಲ್ಡ್.

"ಸರಿನಾ?" ಅಂದರು ವಾಟ್.

"ಸರಿ," ಎಂದು ಲಾರಿಯ ಹಿಂಬಾಗಿಲನ್ನು ಎತ್ತಿ ಚಿಲಕ ಹಾಕಿದೆ.

ಆಮೇಲೆ ಕೋಳಿಗೂಡಿನ ಹತ್ತಿರ ಹೋಗಿ ಅಮ್ಮನಿಗೆ ಫೋನ್ ಮಾಡಿದೆ. ಬೆಥಿಯಾ ನಿನ್ನನ್ನು ಚಹಾಕ್ಕೆ ಕರೆಯುತ್ತಿದ್ದಾರೆ ಎಂದೆ. ಅವರು ಹಾಗೆ ಕರೆದಿರಲಿಲ್ಲ.

"ನೀನು ಅವಳಿಗೆ ಹೇಳಿದ್ಯಾ?" ಅಂದಳು.

"ಹೇಳಿದೆ."

"ಊಂ," ಅಂದಳು. ಆಮೇಲೆ, "ಶನಿವಾರ ಬಸ್ಸು ಎಷ್ಟು ಹೊತ್ತಿಗಿದೆ?"

ಗೊತ್ತಿರಲಿಲ್ಲ. ಬಂದ ದಿನ ನೋಡಿಕೊಂಡಿದ್ದೆ, ಮರೆತುಹೋಗಿದೆ. ವಾಟ್‌ರನ್ನು ಕೇಳಬೇಕು.

ಏಪ್ರಿಲ್ 25

ಗುಡ್ಡದ ಆ ಕಡೆ ಇವತ್ತು ಬಿಸಿಲಿತ್ತು. ಅವಳು ಮರಿಯ ಜೊತೆ ದೊಡ್ಡಿಯ ಹೊರಗೇ ಮೇಯುತ್ತಿದ್ದಳು. ಮರಿ ಕಲ್ಲಿಂದ ಕಲ್ಲಿಗೆ ನೆಗೆಯುತ್ತಿತ್ತು. ಹಸಿರು ಪಟ್ಟೆ ಹಾಗೇ ಇದೆ, ಜುಲೈನಲ್ಲಿ ಉಣ್ಣೆ ಕತ್ತರಿಸುವವರೆಗೆ ಹೋಗುವುದಿಲ್ಲವಂತೆ. ಮೇಲೆ ಬೇರೆ ಬಣ್ಣ ಬಳಿಯಲಾ ಎಂದು ಕೇಳಿದ್ದಕ್ಕೆ ವಾಟ್, "ಬೇಡ. ಜುಲೈವರೆಗಾದ್ರೂ ನನಗೂ ನೆನಪಿರಲಿ" ಅಂದರು.

ನನ್ನ ಹೆಜ್ಜೆ ಕೇಳಿ ಅವಳು ತಲೆ ಎತ್ತಿದಳು. ಗಂಟಲಿನಲ್ಲೇ ಗೊಣಗಿ ಮರಿಯನ್ನು ಕರೆದುಕೊಂಡು ದೊಡ್ಡಿಯೊಳಗೆ ಹೊಕ್ಕಳು. ಒದ್ದೆ ಮರಿ ಬಿದ್ದಿದ್ದ ಗೋಡೆಯ ಆ ಮೂಲೆಯ ಪಕ್ಕದಲ್ಲೇ, ನೆರಳಿದ್ದ ಕಡೆ, ಮೆಲುಕು ಹಾಕುತ್ತಾ ಮಲಗಿದಳು. ಅವಳಿಗೆ ಅಲ್ಲಿ ಏನೂ ಕಳೆದಿಲ್ಲ. ಆ ಮೂಲೆಯ ಕಡೆ ನೋಡುವವಳು ನಾನೊಬ್ಬಳೇ.